ಮೃಗಾಶುಪತ್ರಿಯಲ್ಲಿ ಹುಲಿ ಇಲ್ಲ

ಕಾಸರಗೋಡಿಗೆ ಬಂದ ಬೆಂಗಳೂರಿನವರು ನನ್ನ ಹತ್ತಿರ ಮೊದಲು ಕೇಳುವುದು ಪಶು ಆಸ್ಪತ್ರೆಯ ಬೋರ್ಡಿನ ಬಗ್ಗೆ. ಮಲಯಾಳದಲ್ಲಿ ಪಶು ಆಸ್ಪತ್ರೆಗೆ ‘ಮೃಗಾಶುಪತ್ರಿ’ ಅನ್ನುತ್ತಾರೆ. ನಮ್ಮ ಇಲಾಖೆಯ ಹೆಸರೇ ‘ಮೃಗಸಂರಕ್ಷಣ ವಕುಪ್ಪ್’. ಕನ್ನಡದ ಕಿವಿಗೆ ಮೃಗ ಅಂದರೆ ಕಾಡಿನದ್ದು, ಅಲ್ವಾ? ನನ್ನ ಕೆಲಸದ ಬಗ್ಗೆ ಪ್ರಶ್ನೆ ಕಳಿಸಿದ ನೀವೂ ಅದನ್ನೇ ಕೇಳಿದ್ದೀರಿ, ಇಲ್ಲಿ ಊರೂರಲ್ಲಿ ಹುಲಿ ಚಿರತೆಗೆ ಆಸ್ಪತ್ರೆ ಕಟ್ಟಿದ್ದಾರಾ ಅಂತ. ಇಲ್ಲ. ಒಳಗೆ ಬರುವುದು ದನ, ಆಡು, ಕೋಳಿ. ಈಚೆಗೆ ನಾಯಿಗಳು ಜಾಸ್ತಿ.

ನಾನು ಡಾಕ್ಟರ್ ಅಲ್ಲ, ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್. ಐಸಿಡಿಪಿ, ಅಂದರೆ ಇಲಾಖೆಯ ದನಗಳ ಅಭಿವೃದ್ಧಿ ಯೋಜನೆ, ಅದರ ಉಪಕೇಂದ್ರ ಅಂತ ಒಂದು ಕೋಣೆ ಉಂಟು, ಅದು ನನ್ನ ಆಫೀಸು. ಒಂದು ಮೇಜು, ಒಂದು ರಿಜಿಸ್ಟರು, ಮೈನಸ್ 196 ಡಿಗ್ರಿಯ ದ್ರವ ಸಾರಜನಕ ತುಂಬಿದ ಒಂದು ಕ್ಯಾನು, ಅದರೊಳಗೆ ಹೋರಿಗಳ ವೀರ್ಯದ ಕಡ್ಡಿಗಳು. ಉಳಿದ ಆಫೀಸೆಲ್ಲ ಸ್ಕೂಟರಿನ ಮೇಲೆ. ಊರಿನವರು ಆದರೂ ‘ಡಾಕ್ಟ್ರೇ’ ಅಂತಲೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ.

ಕೇರಳದಲ್ಲಿದ್ದುಕೊಂಡು ಕನ್ನಡದಲ್ಲಿ ಈ ಕೆಲಸ ಹೇಗೆ ಮಾಡುತ್ತೀರಿ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮನೆಯ ಮಾತು ಸೇರಲಿಲ್ಲ. ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಕಡೆ ಒಂದೇ ಬೆಳಿಗ್ಗೆ ನಾನು ತುಳು, ಹವ್ಯಕ ಕನ್ನಡ, ಮರಾಟಿ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಕೇಳುತ್ತೇನೆ. ದನ ತುಳುವಿನಲ್ಲಿ ಪೆತ್ತ. ಕರು ಕಂಜಿ. ಬೈಹುಲ್ಲು ತುಳುವರಿಗೆ ಬೈ, ಮಲಯಾಳದವರಿಗೆ ವೈಕ್ಕೋಲ್. ಇದೆಲ್ಲ ಒಂದು ವಾರದಲ್ಲಿ ಬರುತ್ತದೆ. ಕಷ್ಟ ಕೊಡುವುದು ಎರಡೂ ಕಡೆ ಒಂದೇ ಥರ ಕೇಳಿಸುವ ಮಾತುಗಳು.

ಹಿಂದೆ ಒಮ್ಮೆ ಒಂದು ಫಾರಂ ಬಂದಿತ್ತು, ಪೂರ್ತಿ ಮಲಯಾಳದಲ್ಲಿ. ಒಬ್ಬ ಅಜ್ಜನಿಗೆ ಮೊಮ್ಮಗ ಓದಿ ಹೇಳಿದ, ‘ಪಶು ಎಷ್ಟು ಅಂತ ಕೇಳಿದ್ದಾರೆ ಅಜ್ಜ.’ ಅಜ್ಜ ಹಟ್ಟಿಯನ್ನೊಮ್ಮೆ ನೋಡಿ ಏಳು ಅಂದರು. ಹಟ್ಟಿಯಲ್ಲಿ ಇದ್ದದ್ದು ಒಂದು ದನ, ಆರು ಆಡು. ಮಲಯಾಳದಲ್ಲಿ ಪಶು ಅಂದರೆ ದನ ಮಾತ್ರ! ಕಾಗದದಲ್ಲಿ ಅಜ್ಜ ಏಳು ದನದ ಯಜಮಾನರಾದರು. ಆಮೇಲೆ ‘ಉಳಿದ ಆರರ ಹಾಲು ಎಲ್ಲಿ’ ಅಂತ ವಿಚಾರಣೆ. ಅವರನ್ನು ಆ ಶ್ರೀಮಂತಿಕೆಯಿಂದ ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು. ಕನ್ನಡದವರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಅಂತ 1969ರ ಕಾನೂನಿನಲ್ಲಿ ಉಂಟು. ಆದರೆ ಫಾರಂ ತುಂಬಿಸುವ ಹೊತ್ತಿಗೆ ಕಾನೂನು ಯಾರಿಗೆ ನೆನಪಾಗುತ್ತದೆ? ಅವತ್ತಿನಿಂದ ನಾನು ಫಾರಂ ಓದಿ ಹೇಳುವುದನ್ನೂ ಕೆಲಸಕ್ಕೆ ಸೇರಿಸಿಕೊಂಡೆ. ಆಡು ಎರಡೂ ಭಾಷೆಯಲ್ಲಿ ಆಡೇ ಆಗಿರುವುದು ಪುಣ್ಯ.

ಮಾತು ತಪ್ಪಿದರೆ ಕಾಗದ ಮಾತ್ರ ಕೆಡುವುದಿಲ್ಲ. ಬೆದೆಗೆ ಬಂದ ದನದ ಲೆಕ್ಕ ಗಂಟೆಗಳಲ್ಲಿ. ಬೆಳಿಗ್ಗೆ ಲಕ್ಷಣ ಕಂಡರೆ ಸಂಜೆ ಇಂಜೆಕ್ಷನ್ (ಊರಿನವರು ಕೃತಕ ಗರ್ಭಧಾರಣೆಗೆ ಹಾಗನ್ನುವುದು), ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟು ದಿನ ಸುಮ್ನೆ ಹಿಂಡಿ ಹಾಕುವುದು. ಆದರೆ ಫೋನಿನಲ್ಲಿ ಯಾರೂ ಬೆದೆ ಅನ್ನುವುದಿಲ್ಲ. ಹೆಂಗಸರು ಮೊದಲೇ ಅನ್ನುವುದಿಲ್ಲ, ಹಟ್ಟಿ ನೋಡಿಕೊಳ್ಳುವವರು ಅವರೇ. ‘ಡಾಕ್ಟ್ರೇ, ದನ ಒಂದು ನಮೂನೆ ಮಾಡ್ತಾ ಉಂಟು’ ಅನ್ನುತ್ತಾರೆ. ಆ ‘ಒಂದು ನಮೂನೆ’ ಹೊಟ್ಟೆ ಉಬ್ಬರವೂ ಆಗಬಹುದು, ಜ್ವರವೂ ಆಗಬಹುದು. ‘ಕೂಗ್ತದಾ ಅಮ್ಮಾ? ನಿನ್ನೆ ಸಂಜೆಯಿಂದಲಾ, ಇವತ್ತಾ?’ ಅಂತ ಒಂದೊಂದೇ ಕೇಳುತ್ತೇನೆ. ಕಡ್ಡಿ ಹಾಕುವುದು ಎರಡು ನಿಮಿಷದ ಕೆಲಸ. ನಾನು ನಿಜವಾಗಿ ಕಲಿತದ್ದು ಈ ಕೇಳುವುದನ್ನು.

ಯಾವ ಹೋರಿಯ ಕಡ್ಡಿ ಅನ್ನುವುದರಲ್ಲೂ ಒಂದು ಕಥೆ ಉಂಟು. 1961ರ ಕೇರಳದ ಕಾನೂನಿನಲ್ಲಿ ಲೈಸೆನ್ಸ್ ಇಲ್ಲದ ಹೋರಿಗಳ ಬೀಜ ಒಡೆಯಬೇಕಿತ್ತು. 1963ರಲ್ಲಿ ದನದ ತಳಿ ಸುಧಾರಿಸಲು ಸ್ವಿಟ್ಜರ್ಲೆಂಡ್ ಜೊತೆ ಒಪ್ಪಂದ ಆಯಿತು. ಮುನ್ನಾರ್ ಹತ್ತಿರದ ಮಾಟುಪೆಟ್ಟಿಗೆ ಬ್ರೌನ್ ಸ್ವಿಸ್ ಹೋರಿಗಳು ಬಂದವು. ಅದರಿಂದ ಹುಟ್ಟಿದ ಮಿಶ್ರತಳಿ ಸುನಂದಿನಿ. ಹಾಲು ಹೆಚ್ಚಿತು, ಸುಳ್ಳು ಹೇಳಬಾರದು. ಆದರೆ ಊರಿನ ದನ ಕಡಿಮೆಯಾಯಿತು.

ನಮ್ಮ ಊರಿನ ದನ ಅಂದರೆ ಕಾಸರಗೋಡು ಗಿಡ್ಡ. ಎತ್ತರ ಒಂದು ಮೀಟರಿನೊಳಗೆ. ಹಾಲು ದಿನಕ್ಕೆ ಒಂದೆರಡು ಲೀಟರ್. ಬೆಳಿಗ್ಗೆ ಗುಡ್ಡೆಗೆ ಬಿಟ್ಟರೆ ಸಂಜೆ ತಾನೇ ಹಟ್ಟಿಗೆ ಬರುತ್ತದೆ. ಅಡಿಕೆ ತೋಟದವರು ಇದನ್ನು ಸಾಕಿದ್ದು ಹಾಲಿಗಿಂತ ಗೊಬ್ಬರಕ್ಕೆ. ಹಟ್ಟಿಗೆ ಸೊಪ್ಪು ಹಾಕಿ, ಅದು ತುಳಿದು ಕಳಿತದ್ದನ್ನು ಅಡಿಕೆ ಬುಡಕ್ಕೆ ಕೊಡುವುದು. ಹಾಗಾಗಿಯೇ ಈ ಮೂಲೆಯಲ್ಲಿ ಇದು ಉಳಿಯಿತು ಅಂತ ನನ್ನ ಲೆಕ್ಕ. ಈಗ ಬದಿಯಡ್ಕದ ಬೇಳದಲ್ಲಿ ಇದಕ್ಕೇ ಸರಕಾರದ ಫಾರ್ಮ್ ಉಂಟು. ‘ದೊಡ್ಡ ಜಾತಿಯದ್ದು ಕೊಡಿ ಡಾಕ್ಟ್ರೇ, ಹಾಲು ಜಾಸ್ತಿ ಬರಲಿ’ ಅಂತ ಗಿಡ್ಡ ದನದ ಪಕ್ಕ ನಿಂತು ಕೇಳುವವರು ಈಗಲೂ ಇದ್ದಾರೆ. ದೊಡ್ಡ ಕರು ಅಷ್ಟು ಸಣ್ಣ ದನದಿಂದ ಹೊರಗೆ ಬರಬೇಕಲ್ಲ? ಒಂದು ರಾತ್ರಿ ಹಾಗೆ ಸಿಕ್ಕಿಕೊಂಡ ಕರುವನ್ನು ಎಳೆದದ್ದು ನೋಡಿದ್ದೇನೆ. ದನ ಉಳಿಯಿತು, ಕರು ಇಲ್ಲ. ಆಮೇಲೆ ನಾನು ಯಾರ ಒತ್ತಾಯಕ್ಕೂ ಬಗ್ಗಲಿಲ್ಲ.

ಗಡಿಯ ತಾಪತ್ರಯ ಅಂತ ನೀವು ಕೇಳಿದ್ದಕ್ಕೆ ಒಂದೇ ಮಾತು. ಹುಲ್ಲು ಗಟ್ಟದ ಮೇಲಿನಿಂದ ಬರುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಹುಲ್ಲಿನ ಲಾರಿಗೆ ಕಾದವರು, ಬಾಳೆ ದಂಡು ಕೊಚ್ಚಿ ಹಾಕಿದವರು ಅದನ್ನು ಇನ್ನೂ ಮರೆತಿಲ್ಲ.

ಇನ್ನು ಹುಡುಗರ ವಿಷಯ. ಗಲ್ಫ್‌ನಿಂದ ವಾಪಸ್ ಬಂದವರು ಕೈಯಲ್ಲಿ ದುಡ್ಡು, ಮೊಬೈಲಿನಲ್ಲಿ ವಿಡಿಯೋ ಹಿಡಿದುಕೊಂಡು ಬರುತ್ತಾರೆ. ‘ಇಪ್ಪತ್ತು ದನದ ಶೆಡ್ ಹಾಕ್ತೇನೆ.’ ನಾನು ಎರಡು ಮಲಬಾರಿ ಆಡು ತೆಗೆದುಕೊಳ್ಳಿ ಅನ್ನುತ್ತೇನೆ. ಹಲಸಿನ ಸೊಪ್ಪು ಹಿತ್ತಲಲ್ಲೇ ಉಂಟು, ಐದು ತಿಂಗಳಿಗೆ ಮರಿ, ಹೆಚ್ಚಾಗಿ ಅವಳಿ. ಒಂದು ಮಳೆಗಾಲ ಅವುಗಳ ಕೆಮ್ಮು, ಭೇದಿ, ಕಾಲಿನ ಹುಣ್ಣು ಎಲ್ಲ ನೋಡಿ, ಆಮೇಲೆ ಶೆಡ್ಡಿನ ಮಾತು ಆಡುವಾ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಆಗಸ್ಟ್ ತಿಂಗಳಲ್ಲಿ ಅವರೇ ಫೋನ್ ಮಾಡುತ್ತಾರೆ.

ನನಗೆ ಇಷ್ಟದ ಕೆಲಸ ಶಾಲೆಯದ್ದು. ಕೋಳಿ ಕ್ಲಬ್ ಅಂತ ಮಾಡಿ ಮಕ್ಕಳಿಗೆ ಐದೈದು ಕೋಳಿಮರಿ ಕೊಡುತ್ತೇವೆ. ಕೊಕ್ಕರೆ ರೋಗದ ಲಸಿಕೆ, ರಾತ್ರಿ ಗೂಡಿನ ಬಾಗಿಲು, ನೀರಿನ ಪಾತ್ರೆ ತೊಳೆಯುವುದು, ಅಷ್ಟೇ ಪಾಠ. ಮತ್ತೆ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಬೇಕು. ಮಕ್ಕಳ ಹತ್ತಿರ ಭಾಷೆಯ ಗಲಾಟೆ ಇಲ್ಲ. ಕೋಳಿ, ತುಳುವಿನ ಕೋರಿ ಎರಡೂ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ, ನಾನು ತಿದ್ದುವುದಿಲ್ಲ. ಕಳೆದ ಸಲ ಕನ್ನಡ ಶಾಲೆಯ ಆರನೇ ಕ್ಲಾಸಿನ ಹುಡುಗಿಯೊಬ್ಬಳು ತೋರಿಸಿದ ಪುಟ ಹೀಗಿತ್ತು: ಸಿಕ್ಕಿದ್ದು 5. ಕೀರಿ 2. ದುಬಾಯಿಯಿಂದ ಮಾವ ಬಂದ ದಿನ 1. ಬಾಕಿ 2. ಇವತ್ತಿನ ಮೊಟ್ಟೆ 1, ಟೀಚರಿಗೆ ಮಾರಿದ್ದು.