ಪಾಚಿ ಕಸವಲ್ಲ

ಓದುಗರೊಬ್ಬರ ಪತ್ರ: “ನಾವು ಗೆಳೆಯರು ತಿಂಗಳಿಗೊಮ್ಮೆ ಕಡಲತೀರ ಸ್ವಚ್ಛ ಮಾಡುತ್ತೇವೆ. ಪ್ಲಾಸ್ಟಿಕ್ ಜತೆಗೆ ಕೊಳೆತು ನಾರುವ ಪಾಚಿಯನ್ನೂ ಎತ್ತುತ್ತೇವೆ. ಈಗ ಮರಳು ಜರಡಿ ಹಿಡಿಯುವ ಯಂತ್ರ ತರಿಸುವ ಯೋಚನೆಯಿದೆ. ಇಂಥ ಕೆಲಸದ ಬಗ್ಗೆ ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?”

ಸಂಪಾದಕರ ಉತ್ತರ: ರಜೆಯ ದಿನ ಮನೆಯಲ್ಲಿ ಕೂರದೆ ಚೀಲ ಹಿಡಿದು ಹೊರಟಿರಲ್ಲ, ಅದು ಸಣ್ಣ ಮಾತಲ್ಲ. ಪ್ಲಾಸ್ಟಿಕ್, ಬಾಟಲಿ, ಹರಿದ ಬಲೆ ಎತ್ತಲೇಬೇಕು. ಆದರೆ ಪಾಚಿ ಏನು ತಪ್ಪು ಮಾಡಿತ್ತು? ನನಗೆ ಬೇಸರವಾಗಿದ್ದು ಅಲ್ಲೇ.

ಉಬ್ಬರ ಇಳಿದ ಮೇಲೆ ದಂಡೆಯುದ್ದಕ್ಕೂ ಪಾಚಿ, ಕಡಲಹುಲ್ಲು, ಚಿಪ್ಪುಗಳ ಒಂದು ಗೆರೆ ಉಳಿಯುತ್ತದೆ. ಒಂದು ಬೆಳಿಗ್ಗೆ ಅಂಥ ಗೆರೆಯ ಪಕ್ಕ ಕೂತು ಒಂದು ಹಿಡಿ ಪಾಚಿಯನ್ನು ಮೆಲ್ಲಗೆ ಮಗುಚಿದೆ. ಮೇಲೆ ಒಣಗಿ ಗರಿಗರಿ, ಅಡಿಯಲ್ಲಿ ತಣ್ಣಗೆ ಒದ್ದೆ. ಅಕ್ಕಿಕಾಳಿನಷ್ಟು ಪುಟ್ಟ ಹುಳುಗಳಂಥವು ಪಟಪಟ ಹಾರಿದವು. ಹುಳುವಲ್ಲ, ಸಿಗಡಿ-ಏಡಿಗಳ ಬಳಗದವು. ಹಗಲು ಅಡಗಿದ್ದು ರಾತ್ರಿ ಪಾಚಿ ತಿನ್ನುತ್ತವೆ. ನಾನು ಪಾಚಿ ಮುಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿದದ್ದೇ ತಡ, ಒಂದು ಪ್ಲೋವರ್ ಹಕ್ಕಿ ಓಡಿ ಬಂದು ಅಲ್ಲೇ ಕೊಕ್ಕು ಹಾಕಿತು. ನೀವು ನಾತ ಅಂದಿರಿ. ಆ ಹಕ್ಕಿಗೆ ಅದು ಊಟ.

ಗಾಳಿಗೆ ಹಾರುವ ಮರಳು ಇದೇ ಗೆರೆಗೆ ಸಿಕ್ಕಿ ನಿಲ್ಲುತ್ತದೆ. ಪಾಚಿ ಕೊಳೆತು ಗೊಬ್ಬರವಾಗುತ್ತದೆ, ತೇಲಿ ಬಂದ ಬೀಜ ಅಲ್ಲೇ ಮೊಳೆಯುತ್ತದೆ. ಮರಳು ದಿಬ್ಬ ಹುಟ್ಟುವುದೇ ಹೀಗೆ. ಮೆಡಿಟರೇನಿಯನ್ ತೀರದಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲಿನ ಎಲೆಗಳು ದಪ್ಪ ಹಾಸಿಗೆಯಂತೆ ರಾಶಿ ಬೀಳುತ್ತವೆ. ಚಳಿಗಾಲದ ಅಲೆಯ ಹೊಡೆತ ಮೊದಲು ಆ ರಾಶಿಗೇ. ಪ್ರವಾಸಿಗರಿಗೆ ಇಷ್ಟವಾಗಲ್ಲ ಅಂತ ಅದನ್ನು ಬಾಚಿದ ಕಡೆ, ಎಲೆಯ ಜತೆ ಮರಳೂ ಹೋಯಿತು.

ಇನ್ನು ಯಂತ್ರ. ಪ್ಲೋವರ್ ಗೂಡು ಕಟ್ಟುವುದಿಲ್ಲ. ಮರಳಲ್ಲಿ ಚಿಕ್ಕ ಗುಂಡಿ, ಮರಳಿನದೇ ಬಣ್ಣದ ಮೊಟ್ಟೆ. ಯಂತ್ರ ನಡೆಸುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನಿಮ್ಮೊಬ್ಬರನ್ನೇ ದೂರಿ ಪ್ರಯೋಜನವಿಲ್ಲ ಬಿಡಿ. ನಮಗೆಲ್ಲ ಕಡಲತೀರ ಗುಡಿಸಿದ ಅಂಗಳದಂತಿರಬೇಕು. ಬಯಲು ದಿಬ್ಬ ಕಂಡರೆ ಸಾಲಾಗಿ ಗಾಳಿಮರ ನೆಡುತ್ತೇವೆ, ಕಡಲಾಮೆ ಮೊಟ್ಟೆಯಿಡಲು ಬಯಲು ಮರಳೇ ಬೇಕೆಂಬುದು ನೆನಪಾಗುವುದಿಲ್ಲ. ದೀಪ ಹಾಕುತ್ತೇವೆ, ಆಮೆಮರಿಗಳು ಬೆಳಕನ್ನೇ ಕಡಲೆಂದುಕೊಂಡು ರಸ್ತೆಯ ಕಡೆ ತೆವಳುತ್ತವೆ. ಗೋಡೆ ಕಟ್ಟುತ್ತೇವೆ, ಅಲೆ ಗೋಡೆಗೆ ಬಡಿದು ಮುಂದಿದ್ದ ಮರಳನ್ನೂ ಎಳೆದೊಯ್ಯುತ್ತದೆ. ಇದಕ್ಕೆಲ್ಲ ದುಡ್ಡಿದೆ, ಉದ್ಘಾಟನೆಯಿದೆ. ಸುಮ್ನೆ ಬಿಡುವುದಕ್ಕೆ ಯಾರೂ ಹಾರ ಹಾಕುವುದಿಲ್ಲ, ಅಲ್ವಾ?

ಹಾಗಂತ ನಿಮ್ಮ ಕೈಗಳಿಗೆ ಕೆಲಸವಿಲ್ಲ ಅಂದುಕೊಳ್ಳಬೇಡಿ. ಅಮೆರಿಕದ ವರ್ಜೀನಿಯಾದ ಕರಾವಳಿ ಕೊಲ್ಲಿಗಳಲ್ಲಿ ರೋಗ ಮತ್ತು 1933ರ ಚಂಡಮಾರುತದಿಂದ ಕಡಲಹುಲ್ಲು ಪೂರ್ತಿ ಅಳಿದಿತ್ತು. ಸುಮಾರು ಎರಡು ದಶಕಗಳಲ್ಲಿ ವಿಜ್ಞಾನಿಗಳೂ ನಿಮ್ಮಂಥ ಸ್ವಯಂಸೇವಕರೂ ಸೇರಿ 7 ಕೋಟಿಗೂ ಹೆಚ್ಚು ಬೀಜ ಬಿತ್ತಿದರು. ಹುಲ್ಲುಗಾವಲು ಮರಳಿ ಬಂತು.

ಯಂತ್ರ ತರಿಸಬೇಡಿ. ಪಾಚಿಯೊಳಗಿನ ಪ್ಲಾಸ್ಟಿಕ್ಕನ್ನು ಕೈಯಲ್ಲೇ ಹೆಕ್ಕಿ, ಪಾಚಿಯನ್ನು ಇದ್ದಲ್ಲೇ ಬಿಡಿ. ಹಕ್ಕಿಗಳು ಮೊಟ್ಟೆಯಿಡುವ ಕಾಲದಲ್ಲಿ ದಿಬ್ಬದ ಹತ್ತಿರ ಹೋಗಬೇಡಿ. ಮುಂದಿನ ತಿಂಗಳು ನೀವೂ ಒಂದು ಹಿಡಿ ಮಗುಚಿ ನೋಡಿ, ಮತ್ತೆ ಮುಚ್ಚಿ, ಏನು ಕಂಡಿರಿ ಅಂತ ಬರೆಯಿರಿ. ಆ ಪತ್ರವನ್ನು ಖಂಡಿತ ಅಚ್ಚು ಹಾಕುತ್ತೇವೆ.