ಪ್ರ: ಛೇದ ಬೇರೆ ಇದ್ರೆ ಭಿನ್ನರಾಶಿ ಕಳೆಯೋದು ಹೇಗೆ ಹೇಳಿಕೊಡ್ಲಿ?

ಸರ್, ನಿಮ್ಮ ಮಗಳು 3/4 ರಲ್ಲಿ 1/6 ಕಳೆದು 2/2 ಅಂತ ಬರ್ದಿದಾಳೆ, ಯಾಕೆ ತಪ್ಪು ಅಂತ ಹೇಗೆ ಹೇಳೋದು ಅಂದ್ರಲ್ಲ, ಮೊದ್ಲು ಒಂದೇ ಒಂದು ಮಾತು ಕೇಳಿ ಅವಳನ್ನ. 2/2 ಅಂದ್ರೆ ಪೂರ್ತಿ ಒಂದು, ಮುಕ್ಕಾಲು ರೊಟ್ಟಿಯಿಂದ ಒಂಚೂರು ಮುರ್ಕೊಂಡ್ರೆ ಇಡೀ ರೊಟ್ಟಿ ಉಳಿಯುತ್ತಾ? ನಗ್ತಾಳೆ ನೋಡಿ. ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕಳ್ದುಬಿಟ್ಟಿದಾಳೆ ಅಷ್ಟೇ, ತುಂಬಾ ಮಕ್ಳು ಮಾಡೋ ತಪ್ಪೇ, ಬೈಬೇಡಿ.

ಆಮೇಲೆ ಗಡಿಯಾರ ತೋರ್ಸಿ. ಮುಕ್ಕಾಲು ಗಂಟೆ ಅಂದ್ರೆ 45 ನಿಮಿಷ, ಗಂಟೇಲಿ ಆರನೇ ಒಂದು ಭಾಗ 10 ನಿಮಿಷ, ಕಳೆದ್ರೆ 35. ಎರಡನ್ನೂ ನಿಮಿಷಕ್ಕೆ ತಂದ್ಮೇಲೆ ತಾನೇ ಕಳೆಯೋಕೆ ಆಗಿದ್ದು? ಲಸಾಅ (ಎರಡೂ ಛೇದದಿಂದ ಶೇಷ ಇಲ್ದೆ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ) ಮಾಡೋ ಕೆಲ್ಸಾನೂ ಅದೇ, ಎರಡನ್ನೂ ಒಂದೇ ಅಳತೆಯ ತುಂಡು ಮಾಡೋದು.

4 ಮತ್ತು 6ರ ಲಸಾಅ 12. 4ನ್ನ 12 ಮಾಡೋಕೆ 3ರಿಂದ ಗುಣಿಸಿದ್ವಿ ಅಂದ್ರೆ ಮೇಲಿನ 3ನ್ನೂ 3ರಿಂದ ಗುಣಿಸ್ಬೇಕು, 9/12. ಹಾಗೇ 1/6 ಅನ್ನೋದು 2/12. ಈಗ ಮೇಲಿಂದು ಮಾತ್ರ ಕಳೀರಿ, 7/12, ಛೇದ ಮುಟ್ಟೋ ಹಾಗಿಲ್ಲ. ಗಡಿಯಾರದ 35/60 ನ್ನ 5ರಿಂದ ಭಾಗಿಸಿ, ಅದೇ 7/12!

ಲಸಾಅ ಕಷ್ಟ ಅಂದ್ರೆ ಎರಡೂ ಛೇದ ಗುಣಿಸಿ 24 ಇಟ್ಕೊಳ್ಳಿ, 18/24 ರಲ್ಲಿ 4/24 ಹೋದ್ರೆ 14/24, ಕೊನೇಲಿ 2ರಿಂದ ಭಾಗಿಸ್ಬೇಕು ಅಷ್ಟೇ. ನಂಗೇನೋ ಶುರುಗೆ ಇದೇ ವಾಸಿ ಅನ್ಸುತ್ತೆ. ನಾಳೆ 5/6 ರಲ್ಲಿ 3/8 ಕಳೆಯೋಕೆ ಕೊಡಿ, 11/24 ಬರ್ಬೇಕು.