ಆರ್‌ಸಿ ಕ್ರಾಲರ್ ನೆಲದ ಮೇಲೆ ಸರಿಯಾಗಿ ತಿರುಗತ್ತೆ, ಬಂಡೆ ಮೇಲೆ ಸ್ಟೀರಿಂಗ್ ಕೆಲ್ಸ ಮಾಡಲ್ಲ, ಯಾಕೆ?

ಆರ್‌ಸಿ ಕ್ರಾಲರ್, ಅಂದ್ರೆ ರಿಮೋಟಲ್ಲಿ ಓಡ್ಸಿ ಕಲ್ಲು ಹತ್ತಿಸೋ ಪುಟ್ಟ ಗಾಡಿ, ಮನೇಲಿ ಟೈಲ್ಸ್ ಮೇಲೆ ಚೆನ್ನಾಗಿ ತಿರುಗಿ, ಕುಂತಿ ಬೆಟ್ಟದಲ್ಲಿ ಕಲ್ಲಿಗೆ ಚಕ್ರ ಒತ್ಕೊಂಡ ತಕ್ಷಣ ನಿಂತೋಗತ್ತೆ ಅಂದ್ರೆ ಅದು ರಿಮೋಟ್ ಪ್ರಾಬ್ಲಮ್ ಅಲ್ಲ ಸರ್, ದಯವಿಟ್ಟು ರಿಸೀವರ್‌ಗೆ ದುಡ್ಡು ಹಾಕ್ಬೇಡಿ.

ಗಾಡಿನ ಒಂದು ಡಬ್ಬದ ಮೇಲಿಟ್ಟು ಚಕ್ರ ಗಾಳೀಲಿರೋ ಹಂಗೆ ಮಾಡಿ, ಒಂದು ಕಡೆಗೆ ಪೂರ್ತಿ ತಿರುಗ್ಸಿ ಹಿಡ್ಕೊಂಡು ಮುಂದಿನ ಟೈರನ್ನ ಕೈಯಲ್ಲಿ ಮೆಲ್ಲಗೆ ವಾಪಸ್ ತಳ್ಳಿ, ಆಗ ಸರ್ವೋ (ಚಕ್ರ ತಿರುಗ್ಸೋ ಪುಟ್ಟ ಮೋಟರ್) ಮೇಲಿನ ತೋಳನ್ನ, ಅಂದ್ರೆ ಹಾರ್ನನ್ನೇ ನೋಡ್ತಿರಿ. ಹಾರ್ನ್ ಜಾರಿ ನಡುವಿನ ಸ್ಕ್ರೂ ಅಲ್ಲೇ ನಿಂತಿದ್ರೆ ಹಾರ್ನ್ ಒಳಗಿನ ಹಲ್ಲು ಸವೆದಿದೆ, ಪ್ಲಾಸ್ಟಿಕ್ ಹಾರ್ನ್ ಆದ್ರೆ ಮೆಟಲ್ ಹಾಕಿ (ಹೆಚ್ಚಿನವು 25 ಹಲ್ಲಿಂದು, ಆದ್ರೂ ನಿಮ್ ಸರ್ವೋದು ಎಣಿಸಿ ತಗೊಳ್ಳಿ). ಸ್ಪ್ರಿಂಗ್ ಇರೋ ಸರ್ವೋ ಸೇವರ್ (ಏಟು ಬಿದ್ರೆ ಸರ್ವೋ ಕೆಡದ ಹಂಗೆ ಬಗ್ಗೋ ಹಾರ್ನ್) ಬಗ್ಗ್ತಿದ್ರೆ ಅದನ್ನ ತೆಗೆದು ಗಟ್ಟಿ ಹಾರ್ನ್ ಹಾಕಿ, ಸ್ಪೀಡ್ ಗಾಡಿಗೆ ಅದು ಬೇಕು, ಕ್ರಾಲರ್‌ಗೆ ಸ್ಟೀರಿಂಗ್ ಬಲನೇ ತಿನ್ಬಿಡತ್ತೆ.

ಹಾರ್ನ್, ಸ್ಕ್ರೂ ಎರಡೂ ಒಟ್ಟಿಗೆ ತಿರುಗ್ತಿವೆಯಾ? ಹಂಗಾದ್ರೆ ಸರ್ವೋಗೇ ಶಕ್ತಿ ಸಾಲ್ತಿಲ್ಲ. 1/10 ಸೈಜಿನ ಗಾಡಿಗೆ 20-25 ಕೆಜಿ-ಸೆಂ.ಮೀ. ಟಾರ್ಕ್ (ತಿರುಗ್ಸೋ ಬಲ) ಇರೋ ಮೆಟಲ್ ಗೇರ್ ಸರ್ವೋ ಹಾಕಿ ನೋಡಿ, ಆದ್ರೆ ಅದಕ್ಕೆ ಕರೆಂಟ್ ಕೊಡೋ ಬಿಇಸಿ ವೀಕ್ ಇದ್ರೆ ಎಷ್ಟು ದೊಡ್ಡ ಸರ್ವೋ ಹಾಕಿದ್ರೂ ಅಷ್ಟೆ, ನನ್ ಗಾಡೀಲೂ ಹಿಂಗೇ ಆಗಿ ಕಲ್ಲಿಗೆ ಸಿಕ್ಕಾಗ ಲೈಟ್ ಮಂಕಾಗಿ ಗಾಡಿನೇ ಆಫ್ ಆಗ್ತಿತ್ತು, ಬೇರೆ ಬಿಇಸಿ ಹಾಕಿದ್ಮೇಲೇ ಸರಿಹೋಯ್ತು. ವೋಲ್ಟೇಜ್ ಏರ್ಸೋ ಮುಂಚೆ ಸರ್ವೋ ಮೇಲೆ ಬರ್ದಿರೋ ಲಿಮಿಟ್ ನೋಡ್ಕೊಳ್ಳಿ, 6 ವೋಲ್ಟಿನದಕ್ಕೆ 7.4 ಕೊಟ್ರೆ ಸುಟ್ಟೋಗಬಹುದು.

ಪೂರ್ತಿ ತಿರುಗ್ಸಿದಾಗ ಗುಂಯ್ ಅಂತ ಸದ್ದು ಬಂದ್ರೆ ರಿಮೋಟಲ್ಲಿ ಇಪಿಎ (ಸರ್ವೋ ಎಷ್ಟು ದೂರ ತಿರುಗ್ಬೇಕು ಅನ್ನೋ ಸೆಟ್ಟಿಂಗ್) ಕಮ್ಮಿ ಮಾಡಿ, ಸದ್ದು ನಿಂತ ಕಡೆ ಬಿಟ್ಬಿಡಿ.